ಮಗುವಿಗೆ ಶಾಲೆಯಲ್ಲಿ ಕಾಟವೇ? ಕರಾಟೆಗೆ ಸೇರಿಸುವ ಮುಂಚೆ, ಸೇರಿಸಿದ ಮೇಲೆ ಮಾಡಬೇಕಾದ್ದು

ಪ್ರತಿ ಜೂನ್‌ನಲ್ಲಿ, ಆಮೇಲೆ ದಸರಾ ರಜೆ ಮುಗಿದ ಮೇಲೆ, ನಾನು ಹೇಳಿಕೊಡಲು ಹೋಗುವ ಸಂಜೆಯ ಕರಾಟೆ ಕ್ಲಾಸಿಗೆ ಒಂದಷ್ಟು ಅಪ್ಪ ಅಮ್ಮಂದಿರು ಬರುತ್ತಾರೆ. ಮಾತು ಹೆಚ್ಚುಕಮ್ಮಿ ಒಂದೇ. "ಸರ್, ಸ್ಕೂಲಲ್ಲಿ ಇವನನ್ನ ತುಂಬಾ ಗೋಳು ಹೊಯ್ಕೋತಾರೆ. ಇವನು ಸುಮ್ನೆ ಹೊಡೆಸಿಕೊಂಡು ಬರ್ತಾನೆ. ಮೂರು ತಿಂಗಳಲ್ಲಿ ತಿರುಗಿಸಿ ಕೊಡೋ ಹಾಗೆ ಮಾಡಿ." ಮಗು ಪಕ್ಕದಲ್ಲೇ ನಿಂತು ಕಾಲಿನ ಹೆಬ್ಬೆರಳಿಂದ ನೆಲ ಕೆರೆಯುತ್ತಿರುತ್ತದೆ. ಫೀಸು ಕಟ್ಟುತ್ತಾರೆ, ಯೂನಿಫಾರ್ಮ್ ತೆಗೆದುಕೊಳ್ಳುತ್ತಾರೆ. ಎರಡನೇ ತಿಂಗಳಿಗೆ ಮಗು ಬರೋದು ನಿಲ್ಲುತ್ತದೆ. ಶಾಲೆಯಲ್ಲಿ ಕಾಟ ಹಾಗೇ ಇರುತ್ತದೆ. ಜೊತೆಗೆ "ಬಂದ ನೋಡೋ ಕರಾಟೆ ಹೀರೋ" ಅನ್ನೋ ಹೊಸ ಅಡ್ಡಹೆಸರು ಬೇರೆ.

ಇಲ್ಲಿ ಎಡವೋದು ಕೆಲಸದ ಕ್ರಮದಲ್ಲಿ. ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡಿರುತ್ತಾರೆ. ಅದಕ್ಕೇ ಈ ಹಂತಗಳನ್ನು ಹಿಂದೆ ಮುಂದೆ ಮಾಡದೆ, ಇದ್ದ ಹಾಗೇ ಮಾಡಿ.

ಕೈಯಲ್ಲಿ ಇರಬೇಕಾದ್ದು

ದಿನಾಂಕ ಹಾಕಿ ಬರೆಯಲು ಒಂದು ನೋಟ್‌ಬುಕ್. ಒಂದು ಸಡಿಲ ಪ್ಯಾಂಟ್, ಹಳೇ ಟೀ ಶರ್ಟ್. ಕ್ಲಾಸ್ ನೋಡಿ ಬರಲು ನಿಮ್ಮದೇ ಎರಡು ಸಂಜೆ. ಆಮೇಲೆ ಕಡಿಮೆ ಅಂದರೂ ಆರು ತಿಂಗಳ ತಾಳ್ಮೆ. ಬಿಳಿ ಯೂನಿಫಾರ್ಮ್ ಸದ್ಯಕ್ಕೆ ಬೇಡ.

ಹಂತ 1: ಏನು ನಡೆಯುತ್ತಿದೆ ಅಂತ ತಿಳಿದುಕೊಳ್ಳಿ

ಮಕ್ಕಳು ಬಾಯಿಬಿಟ್ಟು ಹೇಳೋದು ಕಡಿಮೆ. ಚಾಡಿಕೋರ ಅನ್ನಿಸಿಕೊಳ್ಳುವ ಭಯ ಒಂದು ಕಡೆ, ಅಪ್ಪ ಶಾಲೆಗೆ ಬಂದು ರಂಪ ಮಾಡುತ್ತಾರೆ ಅನ್ನೋ ಭಯ ಇನ್ನೊಂದು ಕಡೆ. ಆದರೆ ಸಾಮಾನುಗಳು ಹೇಳುತ್ತವೆ. ನೀರಿನ ಬಾಟಲಿ, ಜಾಮೆಟ್ರಿ ಬಾಕ್ಸ್ ಮತ್ತೆ ಮತ್ತೆ ಕಳೆಯುತ್ತಿದೆಯಾ? ಡಬ್ಬಿ ಖಾಲಿ, ಆದರೂ ಮನೆಗೆ ಬಂದ ತಕ್ಷಣ ಹಸಿವು ಹಸಿವು ಅಂತಾನಾ? ಸೋಮವಾರ ಬೆಳಿಗ್ಗೆ ಮಾತ್ರ ಹೊಟ್ಟೆನೋವು ಬರುತ್ತದಾ? ಇನ್ನೊಂದನ್ನು ತುಂಬಾ ಜನ ಗಮನಿಸೋದಿಲ್ಲ. ಮಗು ಬ್ಯಾಗ್ ಕೂಡ ಇಳಿಸದೆ ನೇರವಾಗಿ ಬಾತ್‌ರೂಮಿಗೆ ಓಡುತ್ತಿದ್ದರೆ, ಇಡೀ ದಿನ ಶಾಲೆಯ ಟಾಯ್ಲೆಟ್ಟಿಗೆ ಹೋಗಿಲ್ಲ ಅಂತ ಅರ್ಥ. ಅಲ್ಲಿ ಗಲೀಜು ಇರಬಹುದು. ಇಲ್ಲದಿದ್ದರೆ ಯಾರೋ ಕಾಯುತ್ತಿರುತ್ತಾರೆ. ಮೇಷ್ಟ್ರ ಕಣ್ಣು ಬೀಳದ ಜಾಗ ಅದೊಂದೇ ಅಲ್ವಾ?

ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಸ್ಕೂಟರಿನ ಹಿಂದೆ ಕೂತಾಗ, ಅವರೆಕಾಯಿ ಸುಲಿಯುವಾಗ, ಮುಖ ಮುಖ ನೋಡದ ಹೊತ್ತಲ್ಲಿ ಕೇಳಿ. "ಯಾರಾದ್ರೂ ಹೊಡೆದ್ರಾ?" ಅಂದರೆ "ಇಲ್ಲ" ಅಂತಲೇ ಬರುತ್ತದೆ. "ಇವತ್ತು ಡಬ್ಬಿ ಯಾರ ಜೊತೆ ಕೂತು ತಿಂದೆ?", "ವ್ಯಾನಲ್ಲಿ ಯಾವ ಸೀಟು ಸಿಕ್ತು?" ಅಂತ ಕೇಳಿ. ಒಂದು ವಾರದಲ್ಲಿ ಚಿತ್ರ ಸಿಗುತ್ತದೆ.

ಎಲ್ಲ ಜಗಳವೂ ಕಾಟ ಅಲ್ಲ. ನಾರ್ವೆಯಲ್ಲಿ ಈ ವಿಷಯದ ಮೇಲೆ ಜೀವಮಾನವಿಡೀ ಕೆಲಸ ಮಾಡಿದ ಡಾನ್ ಓಲ್ವೇಯಸ್ ಮೂರು ಗುರುತು ಹೇಳುತ್ತಿದ್ದರು. ಬೇಕಂತಲೇ ಮಾಡೋದು, ಮತ್ತೆ ಮತ್ತೆ ಮಾಡೋದು, ಇಬ್ಬರ ಬಲ ಸಮ ಇಲ್ಲದಿರೋದು. ನಿನ್ನೆ ಬ್ಯಾಟಿಗಾಗಿ ಕಿತ್ತಾಡಿ ಇವತ್ತು ಒಟ್ಟಿಗೆ ಆಡುತ್ತಿದ್ದರೆ ಅದು ಬರೀ ಜಗಳ, ಅದರಲ್ಲಿ ನೀವು ತಲೆ ಹಾಕಬೇಡಿ. ನಾಲ್ಕು ಜನ ಸೇರಿ ದಿನಾ ಒಬ್ಬನ ಬಣ್ಣ, ದಪ್ಪ, ತೊದಲು, ಜಾತಿ ಹಿಡಿದು ರೇಗಿಸುತ್ತಿದ್ದರೆ ಮೂರೂ ಗುರುತು ಅಲ್ಲಿವೆ.

ಇಲ್ಲಿ ಆಗುವ ದೊಡ್ಡ ತಪ್ಪು: "ನೀನ್ಯಾಕೆ ಸುಮ್ನಿದ್ದೆ? ಕೈ ಇರಲಿಲ್ವಾ?" ಅನ್ನೋದು. ಆ ಮಾತು ಬಂದ ದಿನದಿಂದ ಮಗು ಮನೆಯಲ್ಲೂ ಬಾಯಿ ಮುಚ್ಚಿಕೊಳ್ಳುತ್ತದೆ.

ಹಂತ 2: ಬರೆದಿಡಿ, ಶಾಲೆಗೆ ಹೋಗಿ

ಕ್ಲಾಸಿಗೆ ಸೇರಿಸುವ ಮುಂಚೆಯೇ ಇದು ಆಗಬೇಕು. ಕಾಟ ನಿಲ್ಲಿಸುವ ಹೊಣೆ ದೊಡ್ಡವರದ್ದು. ಅದನ್ನು ಹತ್ತು ವರ್ಷದ ಮಗುವಿನ ಮುಷ್ಟಿಗೆ ದಾಟಿಸಿದರೆ ಹೇಗೆ?

ನೋಟ್‌ಬುಕ್ಕಿನಲ್ಲಿ ದಿನಾಂಕ, ಜಾಗ, ಯಾರು ಇದ್ದರು, ಏನಾಯಿತು, ಇಷ್ಟು ಬರೆಯಿರಿ. ಗಾಯ ಇದ್ದರೆ, ಬ್ಯಾಗ್ ಹರಿದಿದ್ದರೆ ಫೋಟೋ ತೆಗೆಯಿರಿ. ವಾಟ್ಸಾಪ್ ಗುಂಪಿನಲ್ಲಿ ಕಾಟ ನಡೆದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಆಮೇಲೆ ಗುಂಪು ಬಿಡಿಸಿ. ನಾಲ್ಕೈದು ನಮೂದು ಆಗುವಷ್ಟರಲ್ಲಿ ಒಂದು ನಮೂನೆ ಕಾಣುತ್ತದೆ. ಬುಧವಾರದ ಪಿಟಿ ಪೀರಿಯಡ್, ಮೆಟ್ಟಿಲ ಕೆಳಗಿನ ಮೂಲೆ, ಹೀಗೆ. ಇದನ್ನು ಹಿಡಿದು ಕ್ಲಾಸ್ ಟೀಚರ್ ಹತ್ತಿರ ಹೋದರೆ ಮಾತಿಗೆ ತೂಕ ಬರುತ್ತದೆ. ಪೆಟ್ಟು ಬಿದ್ದಿದ್ದರೆ ಮಾತ್ರ ನಾಲ್ಕು ನಮೂದಿಗೆ ಕಾಯಬೇಡಿ, ಅವತ್ತೇ ಹೋಗಿ.

ಟೀಚರ್‌ನಿಂದ ಆಗದಿದ್ದರೆ ಮುಖ್ಯ ಶಿಕ್ಷಕರಿಗೆ ಬರಹದಲ್ಲಿ ಅರ್ಜಿ ಕೊಡಿ. ಒಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರಿಗೂ ಹೇಳಿ. ಸಿಬಿಎಸ್‌ಇ ಶಾಲೆಯಾದರೆ, ಇಂಥ ಕಾಟ ತಡೆಯಲು ಶಾಲೆಯೊಳಗೇ ಒಂದು ಸಮಿತಿ ಇರಬೇಕು ಅಂತ ಮಂಡಳಿ 2015ರಲ್ಲೇ ಸುತ್ತೋಲೆ ಕಳಿಸಿದೆ. "ನಿಮ್ಮಲ್ಲಿ ಆ ಸಮಿತಿಯಲ್ಲಿ ಯಾರಿದ್ದಾರೆ?" ಅಂತ ಮೆಲ್ಲಗೆ ಕೇಳಿ ನೋಡಿ. ಕಾಟ ಕೊಡುವವರು ಟೀಚರ್ರೇ ಆಗಿದ್ದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯೋದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

ಎಲ್ಲೂ ಕೆಲಸ ಆಗದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ದಿನದ 24 ಗಂಟೆ, ಉಚಿತ. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ದೂರು ಕೊಡಬಹುದು. ಮೈ ಮುಟ್ಟುವ, ಬಟ್ಟೆ ಎಳೆಯುವ, ಅಸಹ್ಯ ವಿಡಿಯೋ ತೋರಿಸುವ ಮಟ್ಟಕ್ಕೆ ಹೋಗಿದ್ದರೆ ಅದು 2012ರ ಪೋಕ್ಸೋ ಕಾಯ್ದೆಗೆ ಬರುವ ವಿಷಯ. ಅಲ್ಲಿ ಶಾಲೆಯೊಳಗೇ ರಾಜಿ ಮಾಡಿ ಮುಗಿಸುವಂತಿಲ್ಲ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು.

ಕಾಟ ಕೊಟ್ಟ ಮಗುವಿನ ಮನೆಗೆ ನೀವೇ ಹೋಗೋದು ಬೇಡ. ಅಲ್ಲಿ ಅಪ್ಪಂದಿರ ಜಗಳ ಶುರುವಾಗುತ್ತದೆ, ಮಕ್ಕಳ ವಿಷಯ ಮೂಲೆ ಸೇರುತ್ತದೆ.

ಹಂತ 3: ಯಾವ ಕಲೆ?

ಇದಕ್ಕೆ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಅಷ್ಟು ಬೇಕಿಲ್ಲ. ಮನೆಯಿಂದ ಹದಿನೈದು ನಿಮಿಷದೊಳಗೆ ಒಳ್ಳೆ ಮೇಷ್ಟ್ರು ಯಾರಿದ್ದಾರೋ ಅವರು ಕಲಿಸುವುದೇ ಸರಿಯಾದ ಕಲೆ.

ಆದರೂ ಸ್ವಲ್ಪ ವ್ಯತ್ಯಾಸ ಇದೆ. ಕರಾಟೆ, ಟೇಕ್ವಾಂಡೋ ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುತ್ತವೆ. ಎರಡರಲ್ಲೂ ನಿಲುವು, ದನಿ, ದೂರದ ಲೆಕ್ಕ ಚೆನ್ನಾಗಿ ಬರುತ್ತದೆ. ಟೇಕ್ವಾಂಡೋದಲ್ಲಿ ಕಾಲಿನ ಕೆಲಸ ಜಾಸ್ತಿ. ಶಾಲೆಯ ಕಾಟದಲ್ಲಿ ನಿಜವಾಗಿ ನಡೆಯೋದು ತಳ್ಳೋದು, ಎಳೆಯೋದು, ಅಡ್ಡಗಾಲು ಕೊಡೋದು. ಅದಕ್ಕೆ ಹತ್ತಿರ ಇರುವುದು ಜೂಡೋ ಮತ್ತು ಕುಸ್ತಿ. ಯಾರಿಗೂ ಗುದ್ದದೆ ಬಿಡಿಸಿಕೊಳ್ಳೋದು, ಏಟಾಗದ ಹಾಗೆ ಬೀಳೋದು ಅಲ್ಲಿ ಮೊದಲ ಪಾಠ. ಮೈಸೂರು, ದಾವಣಗೆರೆ, ಧಾರವಾಡದ ಕಡೆ ಗರಡಿಮನೆ ಹತ್ತಿರ ಇದ್ದು, ಅಲ್ಲಿನ ಉಸ್ತಾದರು ಚಿಕ್ಕ ಮಕ್ಕಳನ್ನು ಸೇರಿಸಿಕೊಂಡರೆ ಕಣ್ಣುಮುಚ್ಚಿ ಕಳಿಸಬಹುದು ಅಂತ ಹೇಳುತ್ತಿದ್ದೆ. ಆದರೆ ಕಣ್ಣು ಬಿಟ್ಟುಕೊಂಡೇ ಕಳಿಸಿ, ಮುಂದಿನ ಹಂತ ಅದೇ. ಹೆಣ್ಣುಮಕ್ಕಳಿರುವವರು ಸರ್ಕಾರಿ ಶಾಲೆಯಲ್ಲಿ ಒಮ್ಮೆ ವಿಚಾರಿಸಿ. ಸಮಗ್ರ ಶಿಕ್ಷಾ ಅಡಿಯಲ್ಲಿ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣಾ ತರಬೇತಿ ಇದೆ.

ಆರೇಳು ವರ್ಷಕ್ಕಿಂತ ಚಿಕ್ಕವರಿಗೆ ಇದೆಲ್ಲ ಬರೀ ಆಟ. ಆಟ ಅಂತಲೇ ಕಳಿಸಿ.

ಹಂತ 4: ಫೀಸು ಕಟ್ಟುವ ಮುಂಚೆ ಎರಡು ಸಂಜೆ ನೋಡಿ

ಇಡೀ ಕೆಲಸದ ಗೆಲುವು ಸೋಲು ನಿಂತಿರುವುದು ಈ ಹಂತದ ಮೇಲೆ.

ಅಮೆರಿಕದಲ್ಲಿ ಮೈಕೆಲ್ ಟ್ರುಲ್ಸನ್ ಅನ್ನುವವರು 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 13ರಿಂದ 17 ವರ್ಷದ, ಪುಂಡಾಟಕ್ಕೆ ಬಿದ್ದಿದ್ದ ಹುಡುಗರಿಗೆ ಆರು ತಿಂಗಳ ತರಬೇತಿ. ಒಂದು ಗುಂಪಿಗೆ ಸಾಂಪ್ರದಾಯಿಕ ಟೇಕ್ವಾಂಡೋ: ವ್ಯಾಯಾಮ, ಗೌರವ, ಧ್ಯಾನ ಎಲ್ಲ ಸೇರಿ. ಇನ್ನೊಂದು ಗುಂಪಿಗೆ ಬರೀ ಹೊಡೆದಾಟದ ಪಟ್ಟುಗಳು. ಮೊದಲ ಗುಂಪಿನ ಸಿಟ್ಟು ಇಳಿಯಿತು, ಎರಡನೆಯದರದ್ದು ಏರಿತು. ಚಿಕ್ಕ ಅಧ್ಯಯನ, ಬೆರಳೆಣಿಕೆಯ ಹುಡುಗರು. ಆದರೂ ಕ್ಲಾಸಿನಲ್ಲಿ ನಾನು ಕಣ್ಣಾರೆ ನೋಡಿದ್ದಕ್ಕೆ ತಾಳೆ ಆಗುತ್ತದೆ. ಹಂತ 1ರಲ್ಲಿ ಹೇಳಿದ ಓಲ್ವೇಯಸ್ ಕೂಡ ಇನ್ನೊಬ್ಬರ ಜೊತೆ ಸೇರಿ 2005ರಲ್ಲಿ ನಾರ್ವೆಯ ಹುಡುಗರ ಮೇಲೆ ಒಂದು ವರದಿ ಬರೆದಿದ್ದರು. ಬಾಕ್ಸಿಂಗ್, ಕುಸ್ತಿ, ಭಾರ ಎತ್ತೋದು, ಏಷ್ಯಾದ ಸಮರ ಕಲೆಗಳಿಗೆ ಸೇರಿದ ಹುಡುಗರಲ್ಲಿ ಹೊಡೆದಾಟ ಹೆಚ್ಚಾದದ್ದು ಅದರಲ್ಲಿ ಕಂಡಿತ್ತು. ಅಂದರೆ ಕ್ಲಾಸಿಗೆ ಸೇರಿಸಿದ ಮಾತ್ರಕ್ಕೆ ಮಗು ಶಾಂತ ಆಗುತ್ತದೆ ಅನ್ನೋದು ಸುಳ್ಳು.

ಹಾಗಾದರೆ ಹೋಗಿ ಏನು ನೋಡಬೇಕು? ಮೇಷ್ಟ್ರನ್ನು ಬಿಡಿ, ಮೊದಲು ಕೊನೇ ಸಾಲಿನಲ್ಲಿ ನಿಂತ ಮಗುವನ್ನು ನೋಡಿ. ಒದೆ ಸರಿಯಾಗಿ ಬರದ, ಎಡ ಬಲ ತಪ್ಪುವ ಮಗು ಎಲ್ಲ ಕ್ಲಾಸಿನಲ್ಲೂ ಒಂದಿರುತ್ತದೆ. ಅದು ತಪ್ಪಿದಾಗ ಉಳಿದವರು ನಗುತ್ತಾರಾ? ನಕ್ಕರೆ ಮೇಷ್ಟ್ರು ಏನು ಮಾಡುತ್ತಾರೆ? ತಾವೂ ನಕ್ಕರೆ ಅಲ್ಲಿಂದ ಎದ್ದು ಬನ್ನಿ. ನಿಮ್ಮ ಮಗು ಶಾಲೆಯಲ್ಲಿ ಅನುಭವಿಸುತ್ತಿರುವುದೇ ಅಲ್ಲೂ ಸಿಗುತ್ತದೆ, ಅದೂ ನೀವು ಫೀಸು ಕೊಟ್ಟು.

ಆಮೇಲೆ ಜೋಡಿ ಮಾಡುವಾಗ ನೋಡಿ. ಹದಿನಾಲ್ಕರ ಹುಡುಗನನ್ನು ಒಂಬತ್ತರ ಹುಡುಗನ ಜೊತೆ ಬಿಡುತ್ತಾರಾ? ಶಿಳ್ಳೆ ಹೊಡೆದ ತಕ್ಷಣ ಎಲ್ಲರೂ ನಿಲ್ಲುತ್ತಾರಾ? ಕಲಿತವರು ಕಲಿಯುವವರ ಬೆಲ್ಟಿನ ಗಂಟು ಕಟ್ಟಿಕೊಡುತ್ತಾರಾ? ಕೊನೆಯದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಬ್ರೌನ್ ಬೆಲ್ಟಿನ ಹುಡುಗಿ ಮಂಡಿಯೂರಿ ಚಿಕ್ಕವನ ಬೆಲ್ಟು ಕಟ್ಟುತ್ತಿದ್ದರೆ ಆ ಕ್ಲಾಸಿನ ಬಗ್ಗೆ ಬೇರೆ ಏನೂ ಕೇಳಬೇಕಿಲ್ಲ.

ಈ ಲಕ್ಷಣ ಕಂಡರೆ ಬೇಡ:

- ಬೆತ್ತ, ಬೆಲ್ಟು, ಕೈ, ಯಾವುದರಿಂದಲಾದರೂ ಮಕ್ಕಳಿಗೆ ಹೊಡೆಯೋದು. "ಶಿಸ್ತು" ಅಂತಾರೆ. ನಂಬಬೇಡಿ.
- ಮಕ್ಕಳ ಕೈಯಲ್ಲಿ ಹೆಂಚು ಒಡೆಸೋದು, ಸಿಮೆಂಟ್ ನೆಲದ ಮೇಲೆ ಮುಷ್ಟಿ ಊರಿ ದಂಡ ಹೊಡೆಸೋದು. ಈ ವಯಸ್ಸಿನಲ್ಲಿ ಮೂಳೆಯ ತುದಿ ಇನ್ನೂ ಬೆಳೆಯುತ್ತಿರುತ್ತದೆ, ಏಟು ಬಿದ್ದರೆ ಬೆಳವಣಿಗೆಗೇ ತೊಂದರೆ.
- ತಲೆಗೆ ಜೋರಾಗಿ ಹೊಡೆಯುವ ಫೈಟ್.
- ಒಂದೇ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಅನ್ನುವ ಬೋರ್ಡು. ವಾರಕ್ಕೆ ಮೂರು ದಿನ ಬಿಡದೆ ಬಂದರೂ ಸಾಮಾನ್ಯವಾಗಿ ನಾಲ್ಕೈದು ವರ್ಷ ಬೇಕು.
- ಅಪ್ಪ ಅಮ್ಮ ಒಳಗೆ ಕೂತು ನೋಡಬಾರದು ಅನ್ನುವ ನಿಯಮ.

ದುಡ್ಡಿನ ವಿಷಯದಲ್ಲಿ ತಿಂಗಳ ಫೀಸು ಮಾತ್ರ ಕೇಳಿ ಸುಮ್ಮನಾಗಬೇಡಿ. ಬೆಲ್ಟ್ ಪರೀಕ್ಷೆ ವರ್ಷಕ್ಕೆ ಎಷ್ಟು ಸಲ, ಅದಕ್ಕೆ ಎಷ್ಟು, ಸರ್ಟಿಫಿಕೇಟಿಗೆ ಬೇರೆಯಾ, ಟೂರ್ನಮೆಂಟ್ ಕಡ್ಡಾಯವಾ ಅಂತ ಎಲ್ಲ ಮೊದಲೇ ಕೇಳಿ. ತಿಂಗಳ ಫೀಸಿಗಿಂತ ಬೆಲ್ಟಿನ ಖರ್ಚೇ ಜಾಸ್ತಿ ಆಗುವ ಕ್ಲಾಸುಗಳಿವೆ.

ಹಂತ 5: ಮೊದಲ ಮೂರು ತಿಂಗಳು

ಮೊದಲ ವಾರ ಟೀ ಶರ್ಟಿನಲ್ಲೇ ಕಳಿಸಿ. ಮೇಷ್ಟ್ರಿಗೆ ಕಾಟದ ವಿಷಯ ಹೇಳಿ, ಆದರೆ ಮಗುವಿನ ಎದುರು ಬೇಡ. ಮಗು ಅಲ್ಲಿಗೆ "ಪೆಟ್ಟು ತಿನ್ನುವವನು" ಅನ್ನೋ ಹಣೆಪಟ್ಟಿ ಇಲ್ಲದೆ ಕಾಲಿಡಲಿ.

ಈ ಮೂರು ತಿಂಗಳಲ್ಲಿ ಹೊಡೆಯೋದು ಬರೋದಿಲ್ಲ. ಬರಬೇಕಾದ್ದು ನಿಲ್ಲೋದು, ಬೀಳೋದು, ಕೂಗೋದು.

ಬೀಳೋದನ್ನು ಜೂಡೋದಲ್ಲಿ ಉಕೆಮಿ ಅಂತಾರೆ. ಹಿಂದಕ್ಕೆ ಬೀಳುವಾಗ ಗದ್ದ ಎದೆಗೆ ಅಂಟಬೇಕು. ಮಕ್ಕಳಿಗೆ ಹಾಗೆ ಹೇಳಿದರೆ ತಿಳಿಯೋದಿಲ್ಲ, "ನಿನ್ನ ಬೆಲ್ಟಿನ ಗಂಟು ನೋಡ್ಕೊಂಡು ಬೀಳು" ಅಂತೀವಿ. ಗಂಟು ನೋಡಿದರೆ ತಲೆ ತಾನಾಗೇ ಮೇಲೆದ್ದಿರುತ್ತದೆ, ನೆಲಕ್ಕೆ ಬಡಿಯೋದಿಲ್ಲ. ಎರಡೂ ಅಂಗೈ ಮೈಯಿಂದ ಸ್ವಲ್ಪ ದೂರದಲ್ಲಿ ಮ್ಯಾಟಿಗೆ ಪಟ್ ಅಂತ ಬೀಳಬೇಕು. ಕೈಯನ್ನು ಹಿಂದೆ ಊರಿದರೆ ಮಣಿಕಟ್ಟು ಹೋಯಿತು. ಶಾಲೆಯ ಮೆಟ್ಟಿಲ ಹತ್ತಿರ ಯಾರಾದರೂ ತಳ್ಳಿದ ದಿನ ನೂರು ಪಂಚಿಗಿಂತ ಈ ಒಂದು ಅಭ್ಯಾಸ ಉಪಯೋಗಕ್ಕೆ ಬರುತ್ತದೆ. ಮ್ಯಾಟ್ ಇಲ್ಲದ ಕ್ಲಾಸಿನಲ್ಲಿ ಮಾತ್ರ ಇದನ್ನು ಮಾಡಿಸಲು ಬಿಡಬೇಡಿ.

ಕೂಗಿನ ಕಥೆ ಬೇರೆ. ಕರಾಟೆಯಲ್ಲಿ ಏಟಿನ ಜೊತೆ ಹೊಟ್ಟೆಯಿಂದ ಬರುವ ಕೂಗಿಗೆ ಕಿಯಾಯ್ ಅಂತಾರೆ. ಆರನೇ ಕ್ಲಾಸಿನ ಒಬ್ಬಳು ಹುಡುಗಿ ಇದ್ದಳು. ಎಲ್ಲರೂ ಕೂಗುವಾಗ ಅವಳ ಬಾಯಿ ಮಾತ್ರ ಆಡುತ್ತಿತ್ತು, ದನಿ ಇಲ್ಲ. ಐದು ವಾರ ಹೀಗೇ. ಒಂದು ಸಂಜೆ ಜೋರು ಮಳೆ, ಶೀಟಿನ ಮಾಡಿನ ಮೇಲೆ ಸದ್ದೋ ಸದ್ದು, ಯಾರ ಮಾತೂ ಯಾರಿಗೂ ಕೇಳದು. ಅವತ್ತು ಕೂಗಿದಳು. ಅಷ್ಟರಲ್ಲಿ ಮಳೆ ಸ್ವಲ್ಪ ಇಳಿದದ್ದು ಅವಳಿಗೆ ಗೊತ್ತಾಗಲಿಲ್ಲ. ಇಡೀ ಹಾಲ್ ತಿರುಗಿ ನೋಡಿತು. ಅವಳೂ ಗಾಬರಿಯಾಗಿ ಬಾಯಿಗೆ ಕೈ ಅಡ್ಡ ಹಿಡಿದಳು, ಆಮೇಲೆ ಕಿಸಕ್ಕನೆ ನಕ್ಕಳು. ಮುಂದಿನ ವಾರದಿಂದ ಮಳೆ ಬೇಕಾಗಲಿಲ್ಲ.

ಇನ್ನೊಂದು ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. ಬೇರೆ ಶಾಲೆಯ ಗೆಳೆಯರು ಸಿಗುತ್ತಾರೆ. ಶಾಲೆಯಲ್ಲಿ ಎಲ್ಲರೂ ಟೂ ಬಿಟ್ಟ ಮಗುವಿಗೆ, ತನ್ನನ್ನು ಅಡ್ಡಹೆಸರಿಲ್ಲದೆ ಕರೆಯುವ ನಾಲ್ಕು ಜನ ಸಂಜೆ ಸಿಗುತ್ತಾರೆ ಅಂದರೆ ಬೆಳಿಗ್ಗೆ ಏಳುವುದು ಸ್ವಲ್ಪ ಹಗುರ.

ಆರನೇ ವಾರದ ಹೊತ್ತಿಗೆ "ಬೋರು, ಹೋಗಲ್ಲ" ಅನ್ನೋದು ಸಾಮಾನ್ಯ. ಒಂದೇ ಹೆಜ್ಜೆ ನೂರು ಸಲ ಮಾಡಿಸುತ್ತಿರುತ್ತಾರೆ, ಬೋರು ಆಗದೆ ಇರುತ್ತದಾ? "ಮೂರು ತಿಂಗಳು ಮುಗಿಸು, ಆಮೇಲೆ ನಿನ್ನಿಷ್ಟ" ಅಂತ ಒಪ್ಪಂದ ಮಾಡಿಕೊಳ್ಳಿ. ಬೋರಿನ ಬದಲು ಭಯ ಕಂಡರೆ, ಕ್ಲಾಸಿನ ದಿನವೂ ಹೊಟ್ಟೆನೋವು ಬಂದರೆ ಒಪ್ಪಂದ ಪಕ್ಕಕ್ಕಿಡಿ. ಹೋಗಿ ಏನಾಗಿದೆ ನೋಡಿ.

ಹಂತ 6: ಮನೆಯಲ್ಲಿ ದಿನಾ ಹತ್ತು ನಿಮಿಷ

ಕ್ಲಾಸಿನಲ್ಲಿ ಕಲಿತ ನಿಲುವು ತಾನಾಗೇ ಶಾಲೆಯ ಕಾರಿಡಾರಿಗೆ ಹೋಗೋದಿಲ್ಲ. ಅದನ್ನು ನೀವು ದಾಟಿಸಬೇಕು. ಸಂಜೆ ನಡುಮನೆಯಲ್ಲಿ ನಾಟಕ ಆಡಿ. ನೀವು ಕಾಟ ಕೊಡುವವರು.

1. ಮಗು ಎರಡೂ ಪಾದ ಊರಿ, ಒಂದು ಕಾಲು ಸ್ವಲ್ಪ ಹಿಂದಿಟ್ಟು ನಿಲ್ಲಲಿ. ಕೈ ಎದೆಯ ಮಟ್ಟಕ್ಕೆ, ಅಂಗೈ ತೆರೆದು. ಮುಷ್ಟಿ ಬೇಡ. ಮುಷ್ಟಿ ಕಂಡರೆ ನೋಡಿದವರು "ಇವನೇ ಶುರು ಮಾಡಿದ್ದು" ಅಂತಾರೆ.
2. ಒಂದೇ ವಾಕ್ಯ, ಗಟ್ಟಿಯಾಗಿ: "ನಿಲ್ಸು. ನಂಗಿಷ್ಟ ಇಲ್ಲ." ವಾದ ಇಲ್ಲ, ಬೈಗುಳ ಇಲ್ಲ. ಪ್ರಶ್ನೆಯಂತೂ ಬೇಡ. "ಯಾಕೋ ಹಿಂಗ್ ಮಾಡ್ತೀಯ?" ಅಂದರೆ ಕಾಟ ಕೊಡುವವನಿಗೆ ಮಾತು ಮುಂದುವರಿಸಲು ದಾರಿ ಸಿಕ್ಕಿತು.
3. ಕಣ್ಣಲ್ಲಿ ಕಣ್ಣಿಡುವುದು ಕಷ್ಟ ಆದರೆ ಹಣೆ ನೋಡಲಿ. ಎದುರಿನವರಿಗೆ ವ್ಯತ್ಯಾಸ ಗೊತ್ತಾಗೋದಿಲ್ಲ.
4. ಹೇಳಿದ ಮೇಲೆ ನಡೆದು ಹೋಗಲಿ, ಓಡೋದು ಬೇಡ. ಜನ ಇರುವ ಕಡೆಗೆ ಅಥವಾ ಸ್ಟಾಫ್ ರೂಮಿನ ಕಡೆಗೆ.
5. ಕೈ ಹಿಡಿದರೆ, ಹಿಡಿದವನ ಹೆಬ್ಬೆರಳ ಕಡೆಗೆ ಮಣಿಕಟ್ಟು ತಿರುಗಿಸಿ ಎಳೆಯಲಿ. ಹಿಡಿತ ಸಡಿಲ ಇರುವುದು ಅಲ್ಲೇ.
6. ಬ್ಯಾಗ್ ಹಿಡಿದು ಎಳೆದರೆ ಬ್ಯಾಗ್ ಬಿಟ್ಟು ಹೋಗಲಿ. ಬ್ಯಾಗಿಗಾಗಿ ಬೈಯೋದಿಲ್ಲ ಅಂತ ನೀವು ಮೊದಲೇ ಹೇಳಿರಬೇಕು. ಇಲ್ಲದಿದ್ದರೆ ಮಗು ಬ್ಯಾಗ್ ಬಿಡೋದೇ ಇಲ್ಲ.

ನಾಟಕದಲ್ಲಿ ಮಗುವನ್ನು ಗೆಲ್ಲಿಸಲು ಆತುರ ಬೇಡ, ಸೋಲಿಸಿ ಅಳಿಸಲೂ ಬೇಡ. ಒಮ್ಮೊಮ್ಮೆ ಪಾತ್ರ ಬದಲಾಯಿಸಿ. ಕಾಟ ಕೊಡುವವನ ಪಾತ್ರ ಮಗು ಮಾಡಿದಾಗ, ಶಾಲೆಯಲ್ಲಿ ಕೇಳಿಸಿಕೊಂಡ ಮಾತುಗಳೆಲ್ಲ ಅದರ ಬಾಯಿಂದ ಬರುತ್ತವೆ. ಹಂತ 1ರಲ್ಲಿ ಹೇಳದೆ ಉಳಿಸಿಕೊಂಡಿದ್ದು ಇಲ್ಲಿ ಹೊರಗೆ ಬೀಳುತ್ತದೆ. ತಯಾರಾಗಿರಿ.

ಹಂತ 7: ಕೈ ಎತ್ತೋದು ಯಾವಾಗ?

ಇಲ್ಲಿ ನಾನೇ ತಪ್ಪು ಮಾಡಿದ್ದೇನೆ. ನನ್ನ ಅಣ್ಣನ ಮಗ ದಿನಾ ಅಳುತ್ತಾ ಬರುತ್ತಿದ್ದ. "ಒಂದು ಸಲ ಕೊಟ್ಟುಬಿಡು, ಸರಿ ಹೋಗ್ತಾರೆ" ಅಂದೆ. ಕೊಟ್ಟ. ಎದುರಿನವನು ಡೆಸ್ಕಿನ ಅಂಚಿಗೆ ಬಿದ್ದು ತುಟಿಗೆ ಹೊಲಿಗೆ ಬಿತ್ತು. ಒಂದು ವರ್ಷದ ಕಾಟ ಯಾರಿಗೂ ಕಂಡಿರಲಿಲ್ಲ, ಆ ಒಂದು ಏಟು ಎಲ್ಲರಿಗೂ ಕಂಡಿತು. ಸಸ್ಪೆಂಡ್ ಆದವನು ನಮ್ಮ ಹುಡುಗ. ನಾನು ಹಂತ 2 ಮಾಡಿಸಿರಲಿಲ್ಲ, ತೋರಿಸಲು ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಈಗ ಮಕ್ಕಳಿಗೆ ಹೇಳುವ ನಿಯಮ ಇಷ್ಟೇ. ಮಾತಿಗೆ ಕೈ ಇಲ್ಲ. ಸಾಮಾನಿಗೆ ಕೈ ಇಲ್ಲ. ದಾರಿ ಇದ್ದರೆ ಹೋಗು. ದಾರಿ ಇಲ್ಲ, ಹಿಡಿದು ಹೊಡೆಯುತ್ತಿದ್ದಾರೆ ಅಂದರೆ ಮುಖ ಮುಚ್ಚಿಕೋ, ಕೂಗು, ಬಿಡಿಸಿಕೊಳ್ಳಲು ಎಷ್ಟು ಬೇಕೋ ಅಷ್ಟು ಮಾಡು, ಬಿಡಿಸಿಕೊಂಡ ತಕ್ಷಣ ನಿಲ್ಲಿಸು, ನೇರವಾಗಿ ದೊಡ್ಡವರ ಹತ್ತಿರ ಹೋಗು. ಕಾನೂನು ಕೂಡ ಆತ್ಮರಕ್ಷಣೆಗೆ ಅವಕಾಶ ಕೊಡೋದು ಬೇಕಾದಷ್ಟಕ್ಕೆ ಮಾತ್ರ. ಬಿದ್ದವನ ಮೇಲೆ ಇನ್ನೊಂದು ಏಟು ಹಾಕಿದರೆ ಅದು ರಕ್ಷಣೆ ಅಲ್ಲ.

ನಾಲ್ಕು ಜನ ಒಟ್ಟಿಗೆ ಬಂದರೆ ಯಾವ ಬೆಲ್ಟೂ ಕೆಲಸಕ್ಕೆ ಬರೋದಿಲ್ಲ. ಕಾಲಿಗೆ ಬುದ್ಧಿ ಹೇಳಬೇಕು. ಇದನ್ನು ಮಗುವಿಗೆ ನಾಚಿಕೆ ಆಗದ ಹಾಗೆ ಹೇಳಿ.

ಕ್ಲಾಸಿಗೆ ಹೋಗುತ್ತಿರುವ ವಿಷಯ ಶಾಲೆಯಲ್ಲಿ ಡಂಗುರ ಹೊಡೆಯೋದೂ ಬೇಡ. "ಕರಾಟೆ ಬರುತ್ತಂತೆ, ತೋರ್ಸು" ಅಂತ ಕೆಣಕಲು ಜನ ಕಾಯುತ್ತಿರುತ್ತಾರೆ.

ಹಂತ 8: ತಿಂಗಳಿಗೊಮ್ಮೆ ನೋಟ್‌ಬುಕ್ ತೆಗೆಯಿರಿ

ಬೆಲ್ಟಿನ ಬಣ್ಣ ನೋಡಬೇಡಿ. ನೋಟ್‌ಬುಕ್ಕಿನ ಹಳೇ ನಮೂದುಗಳನ್ನು ಹೊಸದರ ಪಕ್ಕ ಇಟ್ಟು ನೋಡಿ. ಕಾಟ ಕಡಿಮೆ ಆಗಿದೆಯಾ, ಜಾಗ ಬದಲಾಗಿದೆಯಾ, ಅಥವಾ ಮಗು ಹೇಳೋದೇ ಬಿಟ್ಟಿದೆಯಾ? ಡಬ್ಬಿ, ಬಾಟಲಿ, ಸೋಮವಾರದ ಹೊಟ್ಟೆ, ಬಾತ್‌ರೂಮಿನ ಓಟ, ಹಂತ 1ರ ಪಟ್ಟಿಯೇ ಇಲ್ಲೂ ಅಳತೆಗೋಲು. ಮೂರು ತಿಂಗಳಾದರೂ ಇವು ಹಾಗೇ ಇದ್ದರೆ ಕ್ಲಾಸ್ ಬದಲಾಯಿಸುವ ಮುಂಚೆ ಮತ್ತೆ ಶಾಲೆಗೆ ಹೋಗಿ, ಈ ಸಲ ಸ್ವೀಕೃತಿ ಸಹಿ ಇರುವ ಹಳೇ ಅರ್ಜಿ ಹಿಡಿದುಕೊಂಡು. ಮಗು ಊಟ ನಿದ್ದೆ ಬಿಟ್ಟಿದ್ದರೆ, "ನಾನಿಲ್ಲದಿದ್ರೆ ಚೆನ್ನಾಗಿತ್ತು" ಅನ್ನುವಂಥ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಮಕ್ಕಳ ಡಾಕ್ಟರ್ ಅಥವಾ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಕರಾಟೆ ಆಮೇಲೆ.

ಉಲ್ಟಾ ಆಗುವುದೂ ಇದೆ. ತಂಗಿಯ ಮೇಲೆ, ಬೀದಿಯ ಚಿಕ್ಕ ಮಕ್ಕಳ ಮೇಲೆ, ನಾಯಿಯ ಮೇಲೆ ಒದೆ ಪ್ರಯೋಗ ಶುರುವಾದರೆ ಅದನ್ನು ತಮಾಷೆ ಅಂತ ಬಿಡಬೇಡಿ. ಮೇಷ್ಟ್ರಿಗೆ ಅವತ್ತೇ ಹೇಳಿ. ನಮ್ಮ ಕ್ಲಾಸಿನಲ್ಲಿ ಅದಕ್ಕೆ ಒಂದೇ ಕ್ರಮ. ಬೆಲ್ಟು ಬಿಚ್ಚಿಸಿ ಎರಡು ವಾರ ಕೊನೇ ಸಾಲಿನಲ್ಲಿ ನಿಲ್ಲಿಸುತ್ತೇವೆ, ಹೊಸದಾಗಿ ಬಂದ ಮಕ್ಕಳಿಗೆ ಬೆಲ್ಟಿನ ಗಂಟು ಕಟ್ಟಿಕೊಡುವ ಕೆಲಸ ಕೊಟ್ಟು.